ಪೊದೆಯೂ ಮರವೂ: ಬ್ರಿಟನ್ನಿನ ಉದ್ಯಾನಚರಿತ್ರೆಯ ಒಂದು ಪ್ರಕರಣ

ಚಳಿಗಾಲ ಕಾಲಿಟ್ಟೊಡನೆ ಎಲೆಯನ್ನೆಲ್ಲ ಕಳೆದುಕೊಂಡು ಬೋಳಾಗಿ ನಿಲ್ಲುವ ಓಕ್, ಬೀಚ್, ಆ್ಯಶ್ ಮರಗಳ ನಾಡು ಬ್ರಿಟನ್. ಹಿಮಯುಗವು ಕಳೆದ ತರುವಾಯ ಆ ದ್ವೀಪದಲ್ಲಿ ತಾವಾಗಿಯೇ ಬೇರೂರಿದ ಸೂಚಿಪರ್ಣಿ ವೃಕ್ಷಗಳು ಮೂರೇ ಮೂರು: ಸ್ಕಾಟ್ಸ್ ಪೈನ್, ಯೂ ಮತ್ತು ಜೂನಿಪರ್. ವರ್ಷವಿಡೀ ಹಸುರಾಗಿದ್ದು, ಕಾಲ ಬಂದಾಗ ಎಲೆಯೇ ಮರೆಯಾಗುವಷ್ಟು ದೊಡ್ಡ ಹೂಗೊಂಚಲುಗಳನ್ನು ಹೊರುವ ಪೊದೆಯಂತೂ ಅಲ್ಲಿಯ ಕಾಡುಗಳಲ್ಲಿ ಇರಲೇ ಇಲ್ಲ. ಆದುದರಿಂದ, ಸಾಮ್ರಾಜ್ಯದ ಸಂಪತ್ತು ಕೈಸೇರಿ, ವಿಶಾಲವಾದ ಉದ್ಯಾನಗಳನ್ನು ನಿರ್ಮಿಸುವ ಉತ್ಸಾಹವು 18 ಮತ್ತು 19ನೆಯ ಶತಮಾನಗಳಲ್ಲಿ ಆ ದೇಶದ ಭೂಮಾಲೀಕರನ್ನು ಆವರಿಸಿದಾಗ, ನವೆಂಬರಿನಿಂದ ಮಾರ್ಚಿಯವರೆಗಿನ ಮಂಕಾದ ತಿಂಗಳುಗಳಿಗೆ ಜೀವಕಳೆಯನ್ನು ತರಬಲ್ಲ ಹಸುರನ್ನು ಅವರು ಹೊರನಾಡುಗಳಲ್ಲಿ ಅರಸಬೇಕಾಯಿತು. ಹಾಗೆ ಅರಸಿದಾಗ ದೊರೆತವುಗಳಲ್ಲಿ ಎರಡು ವರ್ಗಗಳು ಉಳಿದವನ್ನೆಲ್ಲ ಹಿಂದಿಕ್ಕಿದುವು. ಒಂದು, ಹೂವಿನ ಪೊದೆಯಾದ ರೋಡೋಡೆಂಡ್ರಾನ್. ಇನ್ನೊಂದು, ಅಮೆರಿಕದ ಪಶ್ಚಿಮ ತೀರದಿಂದಲೂ ಹಿಮಾಲಯದಿಂದಲೂ ಬಂದ ಸೂಚಿಪರ್ಣಿ ಮಹಾವೃಕ್ಷಗಳು. ಇರುವ ನೆಲದಲ್ಲಿ ಇವೆರಡರೊಳಗೆ ಯಾವುದನ್ನು ನೆಡಬೇಕು, ಯಾವುದು ತೋಟಕ್ಕೆ ಹೆಚ್ಚಿನ ಶೋಭೆ, ಎಂಬ ಜಿಜ್ಞಾಸೆ ಅಲ್ಲಿಯ ತೋಟಗಾರರಲ್ಲಿ ತಲೆಮಾರುಗಳ ಕಾಲ ನಡೆದು ಬಂದಿತು. ಆ ಚರಿತ್ರೆಯನ್ನು ಓದುತ್ತ ಹೋದಂತೆ ನನ್ನಲ್ಲಿ ದೃಢವಾದ ಅಭಿಪ್ರಾಯವಿದು: ಇವೆರಡನ್ನು ಎದುರುಬದುರಾಗಿ ನಿಲ್ಲಿಸಿ ತೂಗಿದುದೇ ಮೊದಲ ಪ್ರಮಾದ, ತವರಿನ ಬೆಟ್ಟದಲ್ಲಿ ಒಂದರ ಮಗ್ಗುಲಲ್ಲಿ ಇನ್ನೊಂದು ಬೆಳೆಯುತ್ತಿದ್ದುದನ್ನು ಅರಿತು ನೆಟ್ಟವರ ತೋಟಗಳೇ ಕಾಲದ ಪರೀಕ್ಷೆಯಲ್ಲಿ ಗೆದ್ದುವು.

ರೋಡೋಡೆಂಡ್ರಾನ್ ಕುಲದಲ್ಲಿ ಬ್ರಿಟನ್ನಿಗೆ ಬಂದು ಮನೆಮಾತಾದ ಮೊದಲನೆಯ ಜಾತಿ ಪಾಂಟಿಕಮ್. ಐಬೀರಿಯ ಪರ್ಯಾಯದ್ವೀಪದಲ್ಲಿಯೂ ಕಪ್ಪುಸಮುದ್ರದ ದಕ್ಷಿಣತೀರದಲ್ಲಿಯೂ ಕಾಡುಗಿಡವಾಗಿ ಬೆಳೆಯುವ ಈ ನೇರಿಳೆ ಹೂವಿನ ಪೊದೆ 1763ರಲ್ಲಿ ಅಲ್ಲಿಯ ತೋಟಗಳನ್ನು ಪ್ರವೇಶಿಸಿತು. ಕಪ್ಪುಸಮುದ್ರದ ಆ ತೀರದಲ್ಲಿ ಈ ಕುಲದ ಹೂಗಳಿಂದ ಒಸರುವ ಮಕರಂದವು ಜೇನನ್ನೇ ವಿಷವಾಗಿಸುವುದೆಂಬುದು ಪ್ರಾಚೀನರು ಬಲ್ಲ ಸಂಗತಿ. ಗ್ರೀಕ್ ಸೇನಾನಿ ಝೆನೊಫನ್, ಪರ್ಷಿಯದಿಂದ ಹಿಂದಿರುಗುತ್ತಿದ್ದ ತನ್ನ ಸೈನಿಕರು ಟ್ರೆಬಿಜಾಂಡಿನ ಬಳಿ ಜೇನುಂಡು ಮತ್ತೇರಿದವರಂತೆ ನೆಲಕ್ಕುರುಳಿ, ಮರುದಿನ ಎಚ್ಚೆತ್ತು ಮೂರನೆಯ ಇಲ್ಲವೆ ನಾಲ್ಕನೆಯ ದಿನ ಎದ್ದುದನ್ನು ಬರೆದಿಟ್ಟಿದ್ದಾನೆ. ಆದರೆ ಇಂಗ್ಲೆಂಡಿನ ಮಾಲೀಕರು ಕಂಡುದು ಹೂವನ್ನೂ ಹೊಳೆವ ಎಲೆಯನ್ನೂ ಮಾತ್ರ. 1809ರಲ್ಲಿ ಜಾನ್ ಫ್ರೇಸರನು ಉತ್ತರ ಅಮೆರಿಕದ ಪೂರ್ವದ ಬೆಟ್ಟಗಳಿಂದ ಕ್ಯಾಟಾಬಿಯೆನ್ಸ್ ಎಂಬ ಇನ್ನೊಂದು ಜಾತಿಯನ್ನು ತಂದನು. ಚಳಿಯನ್ನು ಸಹಿಸುವುದರಲ್ಲಿ ಇದಕ್ಕೆ ಸಮನಾದುದು ಇರಲಿಲ್ಲ. ಈ ಕುಲಕ್ಕೆ ಸುಣ್ಣವಿರುವ ನೆಲ ಆಗದು; ಆಮ್ಲೀಯವಾದ, ಕೊಳೆತ ಎಲೆಗಳಿಂದ ಸಡಿಲವಾದ ಮಣ್ಣು ಬೇಕು. ಅಮೆರಿಕದಿಂದ ಬಂದ ಬಹುಪಾಲು ಪೊದೆಗಳಿಗೂ ಇದೇ ಬಗೆಯ ಮಣ್ಣು ಬೇಕಾಗಿದ್ದುದರಿಂದ, ಉದ್ಯಾನದ ಒಂದು ಮೂಲೆಯಲ್ಲಿ ಪೀಟ್ ಮಣ್ಣನ್ನು ತುಂಬಿ ಅವನ್ನೆಲ್ಲ ಒಟ್ಟಿಗೆ ನೆಟ್ಟು ಅದಕ್ಕೆ ‘ಅಮೆರಿಕನ್ ತೋಟ’ ಎಂದು ಹೆಸರಿಡುವ ಪದ್ಧತಿ ಬಳಕೆಗೆ ಬಂದಿತು. ಏಷ್ಯದಿಂದ ಬಂದ ರೋಡೋಡೆಂಡ್ರಾನಿಗೂ ಅಲ್ಲಿಯೇ ಸ್ಥಳ. ಸರ್ರೆ ಪ್ರಾಂತದ ಬ್ಯಾಗ್‌ಷಾಟಿನ ಸುತ್ತ ಇರುವ ಮರಳುಮಿಶ್ರಿತ ಹುಳಿಮಣ್ಣಿನಲ್ಲಿ ಸಸಿ ಬೆಳೆಸಿ ಮಾರುವ ವಾಟರರ್ ಮನೆತನದಂಥ ವ್ಯಾಪಾರಿಗಳು ತಲೆಮಾರುಗಳ ಕಾಲ ಈ ಒಂದೇ ಪೊದೆಯ ಮೇಲೆ ಬಾಳಿ ಬದುಕಿದರು.

ಇಷ್ಟಾದರೂ ಆ ತೋಟಗಳಲ್ಲಿ ಕಡುಗೆಂಪು ಬಣ್ಣವಿರಲಿಲ್ಲ. ಅದು ಹಿಮಾಲಯದಿಂದ ಬರಬೇಕಾಯಿತು. ಕ್ಯಾಪ್ಟನ್ ಥಾಮಸ್ ಹಾರ್ಡ್‌ವಿಕ್ 1796ರಲ್ಲಿ ಗಢವಾಲದ ಶ್ರೀನಗರಕ್ಕೆ ಪಯಣಿಸಿದಾಗ ಕಂಡ ಆರ್ಬೋರಿಯಮ್ ಜಾತಿ ಪೊದೆಯೆನ್ನುವುದಕ್ಕಿಂತ ಮರವೇ; ಉತ್ತರದ ಬೆಟ್ಟಗಳ ಜನ ಇದನ್ನು ಬುರಾಂಶ್ ಎನ್ನುತ್ತಾರೆ, ನೇಪಾಳಕ್ಕೆ ಇದು ರಾಷ್ಟ್ರಪುಷ್ಪ; ನಮ್ಮ ನೆರೆಯ ನೀಲಗಿರಿಯ ಶೋಲಾ ಕಾಡುಗಳಲ್ಲಿ ಇದರದೇ ಒಂದು ಶಾಖೆ, ಉತ್ತರದ ಬಂಧುಗಳಿಂದ ಸಾವಿರಕ್ಕೂ ಹೆಚ್ಚು ಮೈಲಿ ಅಗಲಿ, ಇಂದಿಗೂ ಕೆಂಪಾಗಿ ಅರಳುತ್ತಿದೆ. ಇದರ ಬೀಜ ಧೂಳಿನಂತೆ ಸೂಕ್ಷ್ಮ. ತಿಂಗಳುಗಟ್ಟಲೆಯ ಸಮುದ್ರಯಾನದಲ್ಲಿ ಬೂಷ್ಟು ಹಿಡಿದು ಸಾಯುವಂಥದು. ಕಲ್ಕತ್ತೆಯ ಸಸ್ಯೋದ್ಯಾನದ ಅಧ್ಯಕ್ಷನಾಗಿದ್ದ ನಥಾನಿಯಲ್ ವಾಲಿಕ್ ಈ ಬೀಜಗಳನ್ನು ಕಂದುಸಕ್ಕರೆಯ ಡಬ್ಬಿಗಳಲ್ಲಿ ಹುದುಗಿಸಿ ಕಳುಹಿಸಿದನು. ಹಾಗೆ ಮೊಳೆತ ಗಿಡಗಳಲ್ಲೊಂದು 1825ರಲ್ಲಿ ಹ್ಯಾಂಪ್‌ಷೈರಿನ ಗ್ರೇಂಜ್ ಎಂಬಲ್ಲಿ ಮೊದಲ ಬಾರಿಗೆ ಹೂಬಿಟ್ಟಾಗ ತೋಟಗಾರಿಕೆಯ ಲೋಕವೇ ಅತ್ತ ತಿರುಗಿತು. ಆದರೆ ಈ ಜಾತಿ ಅರಳುವುದು ವಸಂತ ಇನ್ನೂ ಹೊಸ್ತಿಲಲ್ಲಿರುವಾಗ. ಒಂದು ರಾತ್ರಿಯ ಹಿಮ ಬಿದ್ದರೆ ಹೂವೆಲ್ಲ ಕಪ್ಪಾಗಿ ಜೋತುಬೀಳುತ್ತದೆ. ಅದೇ ಪ್ರಾಂತದ ಹೈಕ್ಲೇರ್ ಎಸ್ಟೇಟಿನಲ್ಲಿ 1826ರಲ್ಲಿ ಈ ಕೆಂಪು ಹೂವಿನ ಪರಾಗವನ್ನು ಚಳಿಗೆ ಬಗ್ಗದ ಅಮೆರಿಕದ ಹಾಗೂ ಪಾಂಟಿಕಮಿನ ಸಂತತಿಗೆ ಕೂಡಿಸಿ ಪಡೆದ ಸಂಕರ ತಳಿ, ಮುಂದೆ ನೂರುಗಟ್ಟಲೆ ತಳಿಗಳ ಮೂಲಪುರುಷರಲ್ಲಿ ಒಂದಾಯಿತು. ಮಾಲೀಕನು ನೆಟ್ಟು ತನ್ನ ಕಣ್ಣಾರೆ ಹೂ ಕಾಣಬಲ್ಲ, ಇಂಗ್ಲೆಂಡಿನ ಚಳಿಯನ್ನು ತಡೆಯಬಲ್ಲ, ಕೆಂಪಿನ ನೂರು ಛಾಯೆಗಳ ಪೊದೆ ಇದು. ಇದಕ್ಕೆ ಬಂದ ಗಿರಾಕಿಗೆ ಕಾರಣವನ್ನು ಹುಡುಕಬೇಕಾಗಿಲ್ಲ.

ಸೂಚಿಪರ್ಣಿಗಳ ಕಥೆ ಇದಕ್ಕಿಂತ ಸಾಹಸಮಯವಾದುದು, ದುಃಖಮಯವಾದುದೂ ಹೌದು. ನಾವಿಕ ವ್ಯಾಂಕೂವರನ ನೌಕೆಯಲ್ಲಿ ವೈದ್ಯನೂ ಸಸ್ಯಶೋಧಕನೂ ಆಗಿ ಹೋಗಿದ್ದ ಆರ್ಚಿಬಾಲ್ಡ್ ಮೆಂಜಿಸ್, ಚಿಲಿ ದೇಶದ ಗವರ್ನರನ ಔತಣದಲ್ಲಿ ಫಲಾಹಾರಕ್ಕೆಂದು ಬಡಿಸಿದ ಅಪರಿಚಿತ ಬೀಜಗಳಲ್ಲಿ ಕೆಲವನ್ನು ಜೇಬಿಗಿಳಿಸಿ, ಹಡಗಿನಲ್ಲಿಯೇ ಮೊಳೆಯಿಸಿ, 1795ರಲ್ಲಿ ಐದು ಸಸಿಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ತಲಪಿಸಿದನೆಂದು ವೃತ್ತಾಂತ. ಅವುಗಳಲ್ಲೊಂದು 1892ರವರೆಗೆ ಜೀವಿಸಿತು. ‘ಮಂಕಿ ಪಜಲ್’ ಎಂದು ಖ್ಯಾತವಾದ ಈ ಅರೌಕೇರಿಯದ ಒಡಹುಟ್ಟನ್ನು ಬೆಂಗಳೂರಿಗರು ಬಲ್ಲರು. ಲಾಲ್‌ಬಾಗಿನಲ್ಲಿ ನೆಟ್ಟಗೆ ಮುಗಿಲಿಗೇರಿ ನಿಂತ ನ್ಯೂ ಕ್ಯಾಲೆಡೋನಿಯ ಮೂಲದ ಮರಗಳು ಅದೇ ಕುಲದವು, ಮತ್ತು ಆ ತೋಟವನ್ನು ಬೆಳೆಸಿದ ಜಾನ್ ಕ್ಯಾಮರನ್, ಕ್ರುಂಬೀಗಲ್ ಇಬ್ಬರೂ ಅದೇ ಕ್ಯೂ ಉದ್ಯಾನದಲ್ಲಿ ಪಳಗಿ ಬಂದವರು.

ಆದರೆ ಸೂಚಿಪರ್ಣಿಗಳ ನಿಜವಾದ ಪ್ರವಾಹಕ್ಕೆ ಕಾಲುವೆ ತೋಡಿದವನು ಸ್ಕಾಟ್ಲೆಂಡಿನ ಸ್ಕೂನ್ ಗ್ರಾಮದಲ್ಲಿ 1799ರಲ್ಲಿ ಹುಟ್ಟಿದ ಡೇವಿಡ್ ಡಗ್ಲಸ್. ಲಂಡನ್ನಿನ ಹಾರ್ಟಿಕಲ್ಚರಲ್ ಸೊಸೈಟಿಯ ಪರವಾಗಿ 1825ರಲ್ಲಿ ಕೊಲಂಬಿಯಾ ನದಿಯ ಮುಖಕ್ಕೆ ತಲಪಿದ ಈತ, ಕಾಲ್ನಡಿಗೆಯಲ್ಲಿಯೂ ದೋಣಿಯಲ್ಲಿಯೂ ಸಾವಿರಾರು ಮೈಲಿ ಅಲೆದು, ಹಸಿವು, ಜ್ವರ, ಮಂಜಾಗುತ್ತಿದ್ದ ಕಣ್ಣು ಇವನ್ನೆಲ್ಲ ಸಹಿಸಿ ಬೀಜ ಕೂಡಿಸಿದನು. ಕಾಯಿಯೊಂದು ಮೊಳದುದ್ದ ಬರುವ ಶುಗರ್ ಪೈನ್ ಮರವನ್ನು 1826ರಲ್ಲಿ ಕಂಡಾಗ, ಆ ಎತ್ತರದ ಕೊಂಬೆಗಳಿಗೆ ಹತ್ತಲಾರದೆ ಬಂದೂಕಿನಿಂದ ಗುಂಡು ಹಾರಿಸಿ ಮೂರು ಕಾಯಿಗಳನ್ನು ಉದುರಿಸಿದನು. ಆ ಸದ್ದಿಗೆ ಬಿಲ್ಲುಬಾಣ ಹಿಡಿದ ಎಂಟು ಮಂದಿ ಸ್ಥಳೀಯರು ಬಂದು ಸುತ್ತುವರಿಯಲು, ಕಾಯಿಗಳನ್ನು ಹೊತ್ತು ಪ್ರಾಣ ಉಳಿಸಿಕೊಂಡುದೇ ಹೆಚ್ಚಾಯಿತು. ತನ್ನ ಹೆಸರನ್ನೇ ಹೊತ್ತ ಡಗ್ಲಸ್ ಫರ್, ನೋಬಲ್ ಫರ್, ಸಿಟ್ಕಾ ಸ್ಪ್ರೂಸ್, ಮಾಂಟೆರೆ ಪೈನ್ ಇವೆಲ್ಲ 1827ರಿಂದ 1833ರೊಳಗೆ ಬ್ರಿಟನ್ನನ್ನು ಸೇರಿದುವು. 1834ರ ಜುಲೈಯಲ್ಲಿ ಹವಾಯಿ ದ್ವೀಪದ ಮೌನಾ ಕಿಯಾ ಬೆಟ್ಟದ ತಪ್ಪಲಲ್ಲಿ, ಕಾಡುದನಗಳನ್ನು ಹಿಡಿಯಲೆಂದು ತೋಡಿದ ಗುಂಡಿಗೆ ಬಿದ್ದು, ಅದರೊಳಗಿದ್ದ ಗೂಳಿಯ ತಿವಿತದಿಂದ ಸತ್ತನು. ವಯಸ್ಸು ಇನ್ನೂ ಮೂವತ್ತೈದು. ಇಂದು ಬ್ರಿಟನ್ನಿನ ಅತ್ಯಂತ ಎತ್ತರದ ಮರಗಳ ಸಾಲಿನಲ್ಲಿ ಡಗ್ಲಸ್ ಫರ್ ನಿಲ್ಲುತ್ತದೆ. ಅದರ ಒಂದು ಪ್ರೌಢವೃಕ್ಷವನ್ನೂ ತನ್ನ ಸ್ವದೇಶದ ನೆಲದಲ್ಲಿ ನೋಡುವ ಭಾಗ್ಯ ಅವನಿಗೆ ಇರಲಿಲ್ಲ.

ಇದೇ ಅವಧಿಯಲ್ಲಿ, 1831ರಲ್ಲಿ, ಹಿಮಾಲಯದ ದೇವದಾರುವೂ ಅಲ್ಲಿಗೆ ಹೋಯಿತು. ರಘುವಂಶದ ಎರಡನೆಯ ಸರ್ಗವನ್ನು ಓದಿದವರು, ಶಿವನು ಮಗನೆಂದು ಸ್ವೀಕರಿಸಿ ಪಾರ್ವತಿಯು ನೀರೆರೆದು ಪೋಷಿಸಿದ ದೇವದಾರುವನ್ನೂ ಅದಕ್ಕೆ ಕಾವಲಿದ್ದ ಸಿಂಹವನ್ನೂ ಮರೆಯರು. ಅಂಥ ಗೌರವದ ಮರ ಇಂಗ್ಲೆಂಡಿನ ಮನೆಯಂಗಳದಲ್ಲಿ ಅಲಂಕಾರದ ಗಿಡವಾಗಿ ನಿಂತಿತು. 1853ರ ಕೊನೆಯಲ್ಲಿ ಸಸಿ ಮಾರುವ ವೀಚ್ ಸಂಸ್ಥೆಯ ಪರವಾಗಿ ವಿಲಿಯಂ ಲಾಬ್ ಕ್ಯಾಲಿಫೋರ್ನಿಯದಿಂದ ದೈತ್ಯ ಸಿಕೋಯಾದ ಬೀಜಗಳನ್ನು ಹೊತ್ತು ತಂದಾಗ, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ವೆಲಿಂಗ್ಟನ್ ಡ್ಯೂಕನ ನೆನಪಿಗೆ ಅದನ್ನು ವೆಲಿಂಗ್ಟೋನಿಯಾ ಎಂದು ಕರೆದರು. ಸಸಿಗಳಿಗೆ ಬೇಡಿಕೆ ಉಕ್ಕಿ, ಎಸ್ಟೇಟುಗಳ ರಾಜಮಾರ್ಗಗಳೆಲ್ಲ ಅದರ ಸಾಲುಗಳಾದುವು.

ಮಾಲೀಕರು ಮಾಡಿದ ತಪ್ಪು ಇಲ್ಲಿಯೇ. ಕುಂಡದಲ್ಲಿ ಬಂದ ಗೇಣುದ್ದದ ಸಸಿಯನ್ನು ಕಂಡವರಿಗೆ, ತವರಿನಲ್ಲಿ ಮೂರು ಸಾವಿರ ವರ್ಷ ಬಾಳುವ ಮರದ ಕಾಲಪ್ರಮಾಣವು ಮನಸ್ಸಿಗೆ ಬರಲಿಲ್ಲ. ಕಿಟಕಿಯ ಮುಂದೆ, ಬಾಗಿಲ ಪಕ್ಕದಲ್ಲಿ, ಹೂವಿನ ಮಡಿಯ ನಡುವೆ ನೆಟ್ಟರು. ಪ್ರತಿಯೊಂದು ಸಸ್ಯವೂ ಪ್ರತ್ಯೇಕವಾಗಿ, ಸುತ್ತಲೂ ತೆರಪಿನಲ್ಲಿ, ತನ್ನ ಪೂರ್ಣಾಕಾರವನ್ನು ತೋರಿಸುವಂತೆ ಬೆಳೆಯಬೇಕೆಂದು ಜಾನ್ ಕ್ಲಾಡಿಯಸ್ ಲೌಡನ್ ಆ ಕಾಲಕ್ಕೆ ಪ್ರಚಾರ ಮಾಡಿದ ಸಿದ್ಧಾಂತವೂ ಇದಕ್ಕೆ ಇಂಬಾಯಿತು. ಆತನ ಪಾಂಡಿತ್ಯ ಅಗಾಧವಾದುದು, 1838ರಲ್ಲಿ ಪೂರ್ಣಗೊಂಡ ವೃಕ್ಷಕೋಶವೊಂದೇ ಅವನ ಹೆಸರನ್ನು ಉಳಿಸಲು ಸಾಕು. ಆದರೆ ಸಸ್ಯಗಳನ್ನು ವಸ್ತುಸಂಗ್ರಹಾಲಯದ ಮಾದರಿಗಳಂತೆ ಒಂಟೊಂಟಿಯಾಗಿ ನಿಲ್ಲಿಸುವ ರುಚಿಯನ್ನು ಬೇರೂರಿಸಿದುದರಲ್ಲಿ ಅವನ ಪಾಲೂ ಇದೆಯೆಂದು ನಾನು ಭಾವಿಸುತ್ತೇನೆ. ಹೀಗಾಗಿ ಸೂಚಿಪರ್ಣಿಗಳಿಗೆ ‘ಪೈನೀಟಮ್’ ಎಂಬ ಬೇರೆಯ ಆವರಣ, ರೋಡೋಡೆಂಡ್ರಾನಿಗೆ ‘ಅಮೆರಿಕನ್ ತೋಟ’ ಎಂಬ ಬೇರೆಯ ಮಡಿ. ಒಂದರಲ್ಲಿ ಹೂವಿಲ್ಲ, ಇನ್ನೊಂದರಲ್ಲಿ ನೆರಳಿಲ್ಲ.

ಇವೆರಡೂ ಹೇಗೆ ಕೂಡಿ ಬಾಳುತ್ತವೆಂಬುದನ್ನು ಕಣ್ಣಾರೆ ಕಂಡು ಬರೆದವನು ಜೋಸೆಫ್ ಡಾಲ್ಟನ್ ಹೂಕರ್. ಕ್ಯೂ ಉದ್ಯಾನದ ನಿರ್ದೇಶಕನ ಮಗನಾದ ಈತ 1848ರ ಏಪ್ರಿಲಿನಲ್ಲಿ ಡಾರ್ಜಿಲಿಂಗನ್ನು ಮುಟ್ಟಿ, ಅಲ್ಲಿ ನೆಲೆಸಿದ್ದ ವಿದ್ವಾಂಸ ಬ್ರಯನ್ ಹಾಟನ್ ಹಾಡ್ಜ್‌ಸನ್ನನ ಮನೆಯನ್ನು ಬಿಡಾರ ಮಾಡಿಕೊಂಡು, ಸಿಕ್ಕಿಮಿನ ಕಣಿವೆಗಳನ್ನು ಎರಡು ವರ್ಷ ಶೋಧಿಸಿದನು. ಕೆಳಗಿನ ಕಾಡುಗಳಲ್ಲಿ ಓಕ್, ಮ್ಯಾಗ್ನೋಲಿಯ ಮರಗಳ ಕೊಂಬೆಗಳ ಮೇಲೆಯೇ ಬೇರುಬಿಟ್ಟು ದೊಡ್ಡ ಬಿಳಿಯ ಹೂಗಳನ್ನು ಇಳಿಬಿಡುವ ಜಾತಿಯೊಂದನ್ನು ಕಂಡು ಅದಕ್ಕೆ ಗವರ್ನರ್ ಜನರಲನ ಪತ್ನಿ ಲೇಡಿ ಡಾಲ್‌ಹೌಸಿಯ ಹೆಸರನ್ನಿಟ್ಟನು. ಹತ್ತು ಸಾವಿರ ಅಡಿಯನ್ನು ದಾಟಿದ ಮೇಲೆ ದೃಶ್ಯವೇ ಬೇರೆ: ಮೇಲೆ ಸಿಲ್ವರ್ ಫರ್ ಮರಗಳ ಕಪ್ಪುಹಸುರಿನ ಚಾವಣಿ, ಅದರಡಿಯಲ್ಲಿ ಮಂಜು ತೊಟ್ಟಿಕ್ಕುವ ಅರೆನೆರಳಿನಲ್ಲಿ ರೋಡೋಡೆಂಡ್ರಾನುಗಳ ಭೇದಿಸಲಾಗದ ಗಹನವಾದ ಪೊದೆಗಾಡು. ಅದನ್ನು ನುಗ್ಗಿ ನಡೆದು ಮೊಣಕಾಲಿನ ಕೆಳಗೆಲ್ಲ ಗಾಯವಾಗಿ, ಈ ವೈಭವದ ದರ್ಶನವೇ ಸಾಕಾಯಿತೆಂದು ಅವನು ಊರಿಗೆ ಬರೆದುದುಂಟು. ತನ್ನ ಆತಿಥೇಯನ ಹೆಸರಿಟ್ಟ ಹಾಡ್ಜ್‌ಸೋನಿಯೈ ಜಾತಿಯ ಕಟ್ಟಿಗೆಯಿಂದ ಭೋಟಿಯರು ಬಟ್ಟಲು, ಸೌಟು, ಯಾಕಿನ ಜೀನುಗಳನ್ನು ಮಾಡುವುದನ್ನೂ, ಅದರ ಅಗಲವಾದ ಎಲೆಯಲ್ಲಿ ಬೆಣ್ಣೆಯನ್ನು ಕಟ್ಟಿ ಸಾಗಿಸುವುದನ್ನೂ ಆತ ಗಮನಿಸಿ ದಾಖಲಿಸಿದ್ದಾನೆ; ಉದ್ಯಾನದ ಶೋಭೆಯಾಗುವುದಕ್ಕೆ ಮೊದಲು ಈ ಗಿಡ ಆ ಬೆಟ್ಟದ ಜನರ ನಿತ್ಯೋಪಯೋಗಿಯಾಗಿದ್ದಿತು. 1849ರ ನವೆಂಬರಿನಲ್ಲಿ ಸಿಕ್ಕಿಮಿನ ದಿವಾನನ ಕಡೆಯವರು ಡಾರ್ಜಿಲಿಂಗಿನ ಆಡಳಿತಗಾರ ಕ್ಯಾಂಬೆಲ್ಲನನ್ನು ಸೆರೆಹಿಡಿದಾಗ ಹೂಕರನೂ ಬಂದಿಯಾದನು, ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಸಿಕ್ಕಿಮಿನ ರಾಜನು ಅದಕ್ಕೆ ತನ್ನ ತರಾಯಿ ಪ್ರದೇಶವನ್ನೇ ತೆರಬೇಕಾಗಿ ಬಂದಿತು. ಹೂಗಿಡಗಳ ಈ ಚರಿತ್ರೆಯೊಳಗೆ ಅಂಥ ಅನ್ಯಾಯದ ಕಾಣಿಕೆಯೂ ಸೇರಿದೆಯೆಂಬುದನ್ನು ಮರೆಯಲಾಗದು.

ವಾಲ್ಟರ್ ಹುಡ್ ಫಿಚ್‌ನ ಶಿಲಾಮುದ್ರಿತ ಚಿತ್ರಗಳೊಡನೆ 1849ರಿಂದ 1851ರವರೆಗೆ ಭಾಗಭಾಗವಾಗಿ ಪ್ರಕಟವಾದ ಹೂಕರನ ಸಿಕ್ಕಿಂ ರೋಡೋಡೆಂಡ್ರಾನುಗಳ ಗ್ರಂಥವು ಹೂವನ್ನು ತೋರಿಸಿತು. ಮೇಲಿನ ಫರ್ ಮರವನ್ನು ಓದುಗರು ಗಮನಿಸಲಿಲ್ಲ. ಕ್ಯೂವಿನಿಂದ ಹಂಚಿಕೆಯಾದ ಬೀಜಗಳಿಂದ ಎದ್ದ ಗಿಡಗಳು ಬಯಲಿನಲ್ಲಿ ನೆಟ್ಟ ಕಡೆಯಲ್ಲೆಲ್ಲ ಒಣಗಾಳಿಗೂ ವಸಂತದ ಹಿಮಕ್ಕೂ ಬಲಿಯಾದುವು. ಮಳೆಯೂ ಮಂಜೂ ಇರುವ ಕಾರ್ನ್‌ವಾಲಿನಲ್ಲಿ, ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲಿ, ಮರಗಳ ಮರೆಯಿದ್ದೆಡೆ ಮಾತ್ರ ಬದುಕಿದುವು. ಕಾರಣವನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ: ಅಡಕೆಯ ನೆರಳು ತಪ್ಪಿದರೆ ಏಲಕ್ಕಿಯ ಗತಿ ಏನಾಗುವುದೋ ಅದೇ ಇಲ್ಲಿಯೂ ಆದುದು. ಮೇಲೆ ಮರದ ಹರಹು ಇದ್ದರೆ ರಾತ್ರಿ ನೆಲದ ಕಾವು ಬಯಲಿಗೆ ಹಾರಿಹೋಗದೆ ಮೊಗ್ಗಿನ ಮೇಲೆ ಹಿಮ ಕಟ್ಟುವುದು ಕಡಮೆಯಾಗುತ್ತದೆ. ಉದುರಿದ ಸೂಜಿಯೆಲೆಗಳು ಆಳಕ್ಕಿಳಿಯದ ಬೇರುಗಳಿಗೆ ಹೊದಿಕೆಯಾಗಿ ತೇವವನ್ನು ಹಿಡಿಯುತ್ತವೆ. ಗಾಳಿಗೆ ಅಗಲವಾದ ಎಲೆಗಳು ಸೀಳುವುದಿಲ್ಲ. ಎಲ್ಲ ಸೂಚಿಪರ್ಣಿಯೂ ಇದಕ್ಕೆ ಸಲ್ಲದು. ಸ್ಪ್ರೂಸಿನ ನೆರಳು ಬಲು ದಟ್ಟ, ಅದರಡಿಯ ನೆಲ ಒಣಕಲು. ಪೈನು, ಲಾರ್ಚ್ ಇವುಗಳ ಜರಡಿನೆರಳೇ ಹಿತ, ಅವುಗಳ ಕೆಳಕೊಂಬೆಗಳನ್ನೂ ಸವರಬೇಕು.

ಈ ತಿಳಿವು ಒಂದು ತೋಟವಾಗಿ ಮೂಡಿದುದನ್ನು ನೋಡಬೇಕಾದರೆ ಸ್ಕಾಟ್ಲೆಂಡಿನ ಆರ್ಗೈಲ್ ಸೀಮೆಯ ಬೆನ್‌ಮೋರನ್ನು ನೋಡಬೇಕು. ಅಲ್ಲಿ 1863ರಲ್ಲಿ ನೆಟ್ಟ ವೆಲಿಂಗ್ಟೋನಿಯಾ ಸಾಲಿನ ಮರಗಳು ಈಗ ಐವತ್ತು ಮೀಟರುಗಳ ಎತ್ತರಕ್ಕೆ ಬೆಳೆದಿವೆ. 1870ರಲ್ಲಿ ಆ ಎಸ್ಟೇಟನ್ನು ಕೊಂಡ ಸಕ್ಕರೆ ಕಾರ್ಖಾನೆಯ ಒಡೆಯ ಜೇಮ್ಸ್ ಡಂಕನ್ ಬೆಟ್ಟದ ಇಳಿಜಾರುಗಳಲ್ಲಿ 60 ಲಕ್ಷಕ್ಕೂ ಮೀರಿ ಮರಗಳನ್ನು ನೆಡಿಸಿದನು. ಹೂವಿನ ಆಸೆಯಿಂದ ನೆಟ್ಟವಲ್ಲ ಅವು. ಅವನ ಕಾಲಕ್ಕೆ ಅವು ಬರಿಯ ಕಾಡು. ಈ ನಡುವೆ ಸಸ್ಯಶೋಧಕ ಜಾರ್ಜ್ ಫಾರೆಸ್ಟ್ ಚೀನದ ಯುನ್ನಾನ್ ಪ್ರಾಂತದಿಂದ, 1904ರಿಂದ ತೊಡಗಿ 1932ರಲ್ಲಿ ಅಲ್ಲಿಯೇ ಪ್ರಾಣ ಬಿಡುವವರೆಗೆ, ರಾಶಿರಾಶಿಯಾಗಿ ಹೊಸ ರೋಡೋಡೆಂಡ್ರಾನುಗಳನ್ನು ಕಳುಹಿಸುತ್ತಿದ್ದನು. ಅವನ್ನು ವರ್ಗೀಕರಿಸುತ್ತಿದ್ದ ಎಡಿನ್‌ಬರೋದ ರಾಜೋದ್ಯಾನದ ಅಧ್ಯಕ್ಷ ಐಸಾಕ್ ಬೇಲಿ ಬಾಲ್ಫರ್, ತನ್ನ ಊರಿನ ಒಣಹವೆಯಲ್ಲಿ ಅವು ಏಳವೆಂಬುದನ್ನು ಅರಿತು, ಪಶ್ಚಿಮದ ಮಳೆನಾಡಿನಲ್ಲಿ ಒಂದು ಜಾಗ ಬೇಕೆಂದು ಬಯಸಿದನು. 1922ರಲ್ಲಿ ತೀರಿಕೊಂಡುದರಿಂದ ಅದನ್ನು ಕಾಣಲಿಲ್ಲ. 1925ರಲ್ಲಿ ಹ್ಯಾರಿ ಜಾರ್ಜ್ ಯಂಗರ್ ಬೆನ್‌ಮೋರನ್ನು ರಾಷ್ಟ್ರಕ್ಕೆ ದಾನವಿತ್ತನು; 1929ರಲ್ಲಿ ಅದರ ತೋಟ ಎಡಿನ್‌ಬರೋ ಉದ್ಯಾನದ ಶಾಖೆಯಾಯಿತು. ಡಂಕನ್ನನ ಕಾಡಿನ ಮರೆಯಲ್ಲಿ ಸಿಕ್ಕಿಮಿನ, ಯುನ್ನಾನಿನ ಪೊದೆಗಳು ನೆಲೆಯೂರಿದುವು. ಒಬ್ಬನು ಮರ ನೆಟ್ಟನು, ಅರ್ಧ ಶತಮಾನ ಕಳೆದು ಇನ್ನೊಬ್ಬರು ಅದರಡಿಯಲ್ಲಿ ಹೂ ನೆಟ್ಟರು. ಪೊದೆಯೋ ಮರವೋ ಎಂಬ ಜಿಜ್ಞಾಸೆಗೆ ಇದಕ್ಕಿಂತ ಸಮರ್ಪಕವಾದ ಸಮಾಧಾನವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಎಸ್ಟೇಟುಗಳ ಕಾಲ ಮುಗಿದು ಸಣ್ಣ ಮನೆಗಳ ಹಿತ್ತಲು ಉಳಿದಾಗ ಸೂಚಿಪರ್ಣಿಯ ಪಾಡು ಬೇರೆಯಾಯಿತು. 1888ರಲ್ಲಿ ವೇಲ್ಸಿನ ಲೇಟನ್ ಹಾಲಿನಲ್ಲಿ, ಬೆಟ್ಟದ ನೂಟ್ಕಾ ಸೈಪ್ರೆಸ್ಸಿಗೂ ಕಡಲತೀರದ ಮಾಂಟೆರೆ ಸೈಪ್ರೆಸ್ಸಿಗೂ ಆಕಸ್ಮಿಕವಾಗಿ ಹುಟ್ಟಿದ ಲೇಲ್ಯಾಂಡ್ ಸೈಪ್ರೆಸ್, ವರ್ಷಕ್ಕೆ ಒಂದು ಮೀಟರಿನಷ್ಟು ಏರುವ ಗುಣದಿಂದ ಬೇಲಿಗಿಡವಾಗಿ ಊರೂರಿಗೆ ಹಬ್ಬಿತು. ಬೆಳಕನ್ನು ಕಳೆದುಕೊಂಡ ನೆರೆಹೊರೆಯವರ ಜಗಳಗಳು ಬೆಳೆದು, ಎರಡು ಮೀಟರಿಗೆ ಮೀರಿದ ನಿತ್ಯಹರಿತ ಬೇಲಿಗಳ ಬಗೆಗೆ 2003ರಲ್ಲಿ ಶಾಸನವೇ ಆಗಬೇಕಾಯಿತು. ಅಂಥ ಹಿತ್ತಲಿಗೆ ಮಣ್ಣು ಒಪ್ಪುವುದಾದರೆ ಪೊದೆಯೇ ಲೇಸೆಂದು ನಾನು ನಿಸ್ಸಂದೇಹವಾಗಿ ಹೇಳುತ್ತೇನೆ, ಆದರೆ ಪಾಂಟಿಕಮನ್ನು ಬಿಟ್ಟು.

ಏಕೆಂದರೆ ಮೊದಲು ಬಂದ ಆ ಪೊದೆಯೇ ಕಡೆಗೆ ಎರಡಕ್ಕೂ ಕೇಡಾಯಿತು. ಬೇಟೆಯ ಹಕ್ಕಿಗಳಿಗೆ ಮರೆಯೆಂದು ಕಾಡುಗಳಲ್ಲಿ ನೆಟ್ಟುದು, ಉತ್ತಮ ತಳಿಗಳನ್ನು ಕಸಿ ಕಟ್ಟಲು ಬುಡಗಿಡವಾಗಿ ಬಳಸಿದುದು, ಆ ಬುಡದಿಂದಲೇ ಚಿಗುರೊಡೆದು ಕಸಿಯನ್ನು ಕೊಂದು ತಾನು ಮೆರೆದುದು, ಹೀಗೆ ಪಾಂಟಿಕಮ್ ತೋಟದ ಬೇಲಿಯನ್ನು ದಾಟಿತು. ವೇಲ್ಸಿನ ಸ್ನೋಡೋನಿಯ, ಐರ್ಲೆಂಡಿನ ಕಿಲಾರ್ನಿ, ಸ್ಕಾಟ್ಲೆಂಡಿನ ಪಶ್ಚಿಮದ ಓಕ್ ವನಗಳಲ್ಲಿ ಇದರ ನೆರಳಿನಡಿ ಬೇರೆ ಸಸಿ ಮೊಳೆಯದು. ಅದರ ಎಲೆಯ ವಿಷಕ್ಕಂಜಿ ಕುರಿ ಜಿಂಕೆಗಳು ಮುಟ್ಟವು. ವಂಶವಾಹಿಗಳನ್ನು ಪರಿಶೀಲಿಸಿದ ವಿಜ್ಞಾನಿಗಳು 2000ದಲ್ಲಿ, ಕಾಡುಬಿದ್ದ ಈ ಗಿಡಗಳು ಬಹುಮಟ್ಟಿಗೆ ಐಬೀರಿಯ ಮೂಲದವೆಂದೂ, ಚಳಿ ಹೆಚ್ಚಿದ ಪೂರ್ವ ಸ್ಕಾಟ್ಲೆಂಡಿನಲ್ಲಿ ಅವುಗಳಲ್ಲಿ ಕ್ಯಾಟಾಬಿಯೆನ್ಸಿನ ಅಂಶ ಹೆಚ್ಚಾಗಿದೆಯೆಂದೂ ತೋರಿಸಿದರು. ತೋಟಗಾರನು ಹೂವಿಗಾಗಿ ಬೆರೆಸಿದ ಚಳಿಸಹಿಷ್ಣುತೆ ಕಳೆಗೂ ಒದಗಿದ್ದಿತು. 2002ರಲ್ಲಿ ಬ್ರಿಟನ್ನಿನಲ್ಲಿ ಮೊದಲು ಕಾಣಿಸಿದ ಫೈಟಾಫ್ತೊರಾ ರೆಮೋರಮ್ ಎಂಬ ರೋಗಾಣು ಈ ಪೊದೆಯ ಎಲೆಗಳಲ್ಲಿ ನೆಲೆಸಿ, ಅದನ್ನು ಬೇಗನೆ ಕೊಲ್ಲದೆ, ಸುತ್ತಲಿನ ಮರಗಳಿಗೆ ಬೀಜಕಣಗಳನ್ನು ತೂರುತ್ತದೆ. 2009ರಲ್ಲಿ ಅದು ನೈಋತ್ಯ ಇಂಗ್ಲೆಂಡಿನ ಜಪಾನಿ ಲಾರ್ಚುಗಳಿಗೆ ಹಾರಿತು. ಲಾರ್ಚಿನ ಸೂಜಿಯೆಲೆಗಳಲ್ಲಿ ಅದು ಇನ್ನೂ ಯಥೇಚ್ಛವಾಗಿ ವರ್ಧಿಸುವುದರಿಂದ, ಅಲ್ಲಿಂದ ಮುಂದೆ ವೇಲ್ಸ್, ಸ್ಕಾಟ್ಲೆಂಡುಗಳಲ್ಲಿ ಸಾವಿರಾರು ಎಕರೆ ಲಾರ್ಚ್ ತೋಪುಗಳನ್ನು ಕಡಿದುರುಳಿಸಬೇಕಾಯಿತು. ಈಗ ಅಲ್ಲಿಯ ಅರಣ್ಯದವರು ಪಾಂಟಿಕಮನ್ನು ಬುಡಸಮೇತ ಕಿತ್ತೋ, ಕಾಂಡಕ್ಕೆ ರಂಧ್ರ ಕೊರೆದು ಕಳೆನಾಶಕವನ್ನು ಇಳಿಸಿಯೋ ತೆಗೆಯುತ್ತಿದ್ದಾರೆ. ಕಡಿದ ಮೇಲೆಯೂ ನೆಲದಲ್ಲಿ ಉಳಿದ ಬೀಜ ಮೊಳೆಯುವುದರಿಂದ ಅದೇ ಇಳಿಜಾರಿಗೆ ವರ್ಷವರ್ಷವೂ ಮರಳಿ ಬರುತ್ತಿದ್ದಾರೆ.